ಹಣ ಕೊಟ್ಟು ಕೊಂಡ ಚಿತ್ರ ಕಾಣೆಯಾದಾಗ: ಸ್ವಂತ ಸಂಗ್ರಹವೋ, ಸ್ಟ್ರೀಮಿಂಗ್ ಚಂದಾವೋ?

ಓದುಗರ ಪ್ರಶ್ನೆ: ಸುಮಾರು 25 ವರ್ಷಗಳಲ್ಲಿ ಕೊಂಡು ಕೂಡಿಸಿದ 600ರಷ್ಟು ಸಂಗೀತದ ಸಿಡಿಗಳು ಮತ್ತು 200ರಷ್ಟು ಚಲನಚಿತ್ರದ ಡಿವಿಡಿಗಳು ನನ್ನಲ್ಲಿವೆ. ಸಿಡಿಗಳಲ್ಲಿ ಅರ್ಧದಷ್ಟನ್ನು ಎಂಟು ವರ್ಷಗಳ ಹಿಂದೆ ಎಂಪಿ3 ರೂಪದಲ್ಲಿ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಹಾಕಿಟ್ಟಿದ್ದೇನೆ. ಮನೆಯ ಫೋಟೊಗಳೂ ಅದರಲ್ಲೇ ಇವೆ. ಈಚಿನ ವರ್ಷಗಳಲ್ಲಿ ಮೂರು ಸ್ಟ್ರೀಮಿಂಗ್ ಸೇವೆಗಳಿಗೆ ಚಂದಾದಾರನಾಗಿರುವುದರಿಂದ ಸಿಡಿ, ಡಿವಿಡಿಗಳನ್ನು ಮುಟ್ಟಿಯೇ ಇಲ್ಲ. ಮುಂದಿನ ತಿಂಗಳು ಮನೆ ಬದಲಿಸುತ್ತಿದ್ದೇವೆ, ಇವನ್ನೆಲ್ಲ ಯಾರಿಗಾದರೂ ಕೊಟ್ಟುಬಿಡಿ ಎಂದು ಮನೆಯವರು ಹೇಳಿದಾಗ ನಾನೂ ಒಪ್ಪಿದ್ದೆ. ಅಷ್ಟರಲ್ಲಿ ಎರಡು ಸಂಗತಿಗಳು ನಡೆದವು. ನನ್ನ ಹಳೆಯ ಪ್ಲೇಲಿಸ್ಟಿನಲ್ಲಿದ್ದ 11 ಹಾಡುಗಳು ಬೂದು ಬಣ್ಣಕ್ಕೆ ತಿರುಗಿ ಕೇಳಿಸದಾದವು. ‘ಖರೀದಿಸಿ’ ಎಂಬ ಗುಂಡಿ ಒತ್ತಿ, ಪೂರ್ತಿ ಹಣ ಕೊಟ್ಟು ಪಡೆದಿದ್ದ ಚಲನಚಿತ್ರವೊಂದು ‘ಲಭ್ಯವಿಲ್ಲ’ ಎಂದು ತೋರಿಸತೊಡಗಿತು. ಕೊಂಡದ್ದು ಹೀಗೆ ಕಾಣೆಯಾಗಬಹುದೇ? ಸಿಡಿ, ಡಿವಿಡಿಗಳನ್ನು ಇಟ್ಟುಕೊಂಡರೆ ಎಷ್ಟು ಕಾಲ ಬಾಳುತ್ತವೆ? ಅವನ್ನು ಕಂಪ್ಯೂಟರಿಗೆ ನಕಲಿಸುವುದು ಕಾನೂನಿಗೆ ಒಪ್ಪಿಗೆಯೇ? ಎಲ್ಲವನ್ನೂ ಕ್ಲೌಡಿಗೆ ಹಾಕಿ ನಿಶ್ಚಿಂತನಾಗಿರಬಹುದೇ?

ಉತ್ತರ: ಮೇಲ್ನೋಟಕ್ಕೆ ಇದು ಕಪಾಟಿನ ಜಾಗದ ಪ್ರಶ್ನೆಯಂತೆ ಕಂಡರೂ ನಿಮ್ಮನ್ನು ಕಾಡುತ್ತಿರುವುದು ಬೇರೆಯೇ ಎಂದು ನನಗನ್ನಿಸುತ್ತದೆ: ಹಣ ಕೊಟ್ಟು ಪಡೆದದ್ದು ನನ್ನದಾಗಿಯೇ ಉಳಿಯುತ್ತದೆಯೇ, ಉಳಿಯದಿದ್ದರೆ ಯಾವುದನ್ನು ನೆಚ್ಚಿಕೊಳ್ಳಬೇಕು ಎಂಬುದು. ಧ್ವನಿ ಮತ್ತು ಚಿತ್ರ ದಾಖಲೆಗಳನ್ನು ಡಿಜಿಟಲ್ ರೂಪಕ್ಕೆ ತಂದು ಕಾಪಾಡುವ ಕೆಲಸದಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಕಳೆದಿದ್ದೇನೆ. ಇದೇ ಪ್ರಶ್ನೆಯನ್ನು ನನ್ನ ಬಳಿ ತಂದವರಲ್ಲಿ ಹೆಚ್ಚಿನವರು ಎಲ್ಲವನ್ನೂ ಕೊಟ್ಟಾದ ಮೇಲೆ ಕೇಳಿದವರು. ನೀವು ಕೊಡುವ ಮೊದಲೇ ಕೇಳಿದ್ದೀರಿ.

ಅವಸರದ ಮಾತೊಂದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮನೆಯಲ್ಲಿ ಈಗ ಎಲ್ಲಕ್ಕಿಂತ ಹೆಚ್ಚು ಅಪಾಯದಲ್ಲಿರುವ ವಸ್ತುವೆಂದರೆ ಎಂಟು ವರ್ಷ ಹಳೆಯದಾದ, ಇನ್ನೊಂದು ಪ್ರತಿಯಿಲ್ಲದ ಆ ಹಾರ್ಡ್ ಡಿಸ್ಕ್. ಅದರಲ್ಲಿರುವ ಹಾಡುಗಳನ್ನು ಸಿಡಿಗಳಿಂದ ಮತ್ತೆ ತೆಗೆಯಬಹುದು, ಫೋಟೊಗಳನ್ನು ಎಲ್ಲಿಂದಲೂ ತೆಗೆಯಲಾಗದು. ಈ ಉತ್ತರದ ಉಳಿದ ಭಾಗವನ್ನು ನಾಳೆ ಓದಿದರೂ ನಡೆಯುತ್ತದೆ. ಇಂದು ಹೊಸ ಡಿಸ್ಕೊಂದಕ್ಕೆ ಅದನ್ನು ನಕಲಿಸಿಕೊಳ್ಳಿ.

ಇನ್ನು ನಿಮ್ಮ ಕಾಣೆಯಾದ ಚಿತ್ರದ ವಿಷಯ. ಆನ್‌ಲೈನ್ ಅಂಗಡಿಯಲ್ಲಿ ‘ಖರೀದಿಸಿ’ ಎಂಬ ಗುಂಡಿ ಒತ್ತಿದಾಗ ನೀವು ಚಿತ್ರವನ್ನು ಕೊಂಡಿರುವುದಿಲ್ಲ. ಆ ಚಿತ್ರವನ್ನು ನೋಡಲು ಒಂದು ಪರವಾನಗಿಯನ್ನು ಪಡೆದಿರುತ್ತೀರಿ, ಮತ್ತು ಆ ಪರವಾನಗಿ ಯಾವಾಗ ಕೊನೆಗೊಳ್ಳಬಹುದು ಎಂಬುದು ಯಾರೂ ಓದದ ಆ ಉದ್ದನೆಯ ಕರಾರಿನಲ್ಲಿ ಬರೆದಿರುತ್ತದೆ. ನಿಮಗೆ ಮಾರಿದ ಕಂಪನಿಯೂ ಬಹುಪಾಲು ಸಂದರ್ಭಗಳಲ್ಲಿ ಆ ಚಿತ್ರದ ಒಡೆಯನಲ್ಲ. ನಿರ್ಮಾಪಕರಿಂದಲೋ ವಿತರಕರಿಂದಲೋ ಇಷ್ಟು ವರ್ಷಕ್ಕೆ, ಇಂತಿಂಥ ದೇಶಗಳಿಗೆ ಎಂದು ಹಕ್ಕು ಪಡೆದ ಬಾಡಿಗೆದಾರ ಅದು, ನೀವು ಅದರಿಂದ ಒಳಬಾಡಿಗೆಗೆ ಪಡೆದವರು. ಮೂಲ ಕರಾರು ಮುಗಿದಾಗ ಒಳಬಾಡಿಗೆಯವರ ಗತಿ ಏನಾಗುತ್ತದೆಯೋ ನಿಮ್ಮ ಚಿತ್ರಕ್ಕೂ ಅದೇ ಆಗಿದೆ.

ಇದು ನಿಮ್ಮೊಬ್ಬರ ದುರದೃಷ್ಟವೇನೂ ಅಲ್ಲ. 2009ರಲ್ಲಿ ಅಮೆಜಾನ್ ಕಂಪನಿಯು ಓದುಗರು ಆಗಲೇ ಹಣ ಕೊಟ್ಟು ಪಡೆದಿದ್ದ ಕೆಲವು ಇ-ಪುಸ್ತಕಗಳನ್ನು, ಅವುಗಳ ಮಾರಾಟಗಾರನಿಗೆ ಹಕ್ಕೇ ಇರಲಿಲ್ಲವೆಂಬ ಕಾರಣಕ್ಕೆ, ಓದುಗರ ಕಿಂಡಲ್ ಸಾಧನಗಳಿಂದಲೇ ದೂರದಿಂದ ಅಳಿಸಿತು. ಹಣ ಮರಳಿಸಿತು, ಮುಂದೆ ಕ್ಷಮೆಯನ್ನೂ ಕೇಳಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ಮಳಿಗೆಯನ್ನು ಮುಚ್ಚಿದಾಗ ಓದುಗರ ಪುಸ್ತಕಗಳೆಲ್ಲ ತೆರೆಯದಾದವು, ಅಲ್ಲಿಯೂ ಹಣ ಮರಳಿತು. ಅದೇ ವರ್ಷ ಜುಲೈ 31ರಂದು, ಹಾಲಿವುಡ್ಡಿನ ಹಲವು ದೊಡ್ಡ ಸ್ಟುಡಿಯೊಗಳ ಬೆಂಬಲವಿದ್ದ ಅಲ್ಟ್ರಾವಯಲೆಟ್ ಎಂಬ ಡಿಜಿಟಲ್ ಚಿತ್ರಗಳ ಕಣಜ ಬಾಗಿಲು ಹಾಕಿತು. 2023ರ ಡಿಸೆಂಬರಿನಲ್ಲಿ ಪ್ಲೇಸ್ಟೇಷನ್ ಎಂಬ ವಿಡಿಯೊ ಗೇಮ್ ಸಾಧನದ ಬಳಕೆದಾರರಿಗೆ, ಅವರು ಕೊಂಡಿದ್ದ ಡಿಸ್ಕವರಿ ವಾಹಿನಿಯ ಕಾರ್ಯಕ್ರಮಗಳು ವರ್ಷಾಂತ್ಯಕ್ಕೆ ಇಲ್ಲವಾಗುತ್ತವೆ ಎಂಬ ಸೂಚನೆ ಬಂತು. ಜನರ ಸಿಟ್ಟು ಜೋರಾದ ಬಳಿಕ ಹೊಸ ಒಪ್ಪಂದವಾಗಿ ಆ ನಿರ್ಧಾರ ಹಿಂದಕ್ಕೆ ಹೋಯಿತು. ಈ ಬಗೆಯ ದೂರುಗಳು ಹೆಚ್ಚಿದ್ದರಿಂದಲೇ ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯ ಒಂದು ಕಾನೂನು ಮಾಡಿತು. 2025ರ ಜನವರಿ 1ರಿಂದ ಜಾರಿಗೆ ಬಂದ ಅದರ ಪ್ರಕಾರ, ಮಾರುತ್ತಿರುವುದು ಹಿಂತೆಗೆದುಕೊಳ್ಳಬಹುದಾದ ಪರವಾನಗಿ ಮಾತ್ರವಾಗಿದ್ದರೆ, ಅದನ್ನು ಸ್ಪಷ್ಟವಾಗಿ ತಿಳಿಸದೆ ‘ಖರೀದಿ’ ಎಂಬ ಮಾತನ್ನು ಬಳಸುವಂತಿಲ್ಲ. ಗಮನಿಸಿ, ಆ ಕಾನೂನು ನಿಮಗೆ ಒಡೆತನವನ್ನು ಕೊಡುವುದಿಲ್ಲ. ಒಡೆತನವಿಲ್ಲ ಎಂದು ಬಾಯಿಬಿಟ್ಟು ಹೇಳಬೇಕೆಂದಷ್ಟೇ ಹೇಳುತ್ತದೆ.

ಸಿಡಿಯ ವಿಷಯ ಬೇರೆ. ಅದರೊಳಗಿನ ಹಾಡಿನ ಹಕ್ಕು ನಿಮ್ಮದಲ್ಲವಾದರೂ ಆ ಒಂದು ಪ್ರತಿ ನಿಮ್ಮದೇ. ಅದನ್ನು ಮಾರಬಹುದು, ಕಡ ಕೊಡಬಹುದು, ಮಕ್ಕಳಿಗೆ ಬಿಟ್ಟುಹೋಗಬಹುದು. ಡಿಜಿಟಲ್ ಫೈಲುಗಳಿಗೂ ಇದೇ ನಿಯಮ ಅನ್ವಯವಾಗಬೇಕೆಂದು ವಾದಿಸಿದವರಿದ್ದಾರೆ. ಕೊಂಡ ಹಾಡಿನ ಫೈಲುಗಳನ್ನು ಮರುಮಾರಾಟ ಮಾಡಲು ಹೊರಟ ರೆಡಿಜಿ ಎಂಬ ಕಂಪನಿ 2018ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯದಲ್ಲಿ ಸೋತಿತು. ಮರುವರ್ಷ ಯುರೋಪಿನ ಉನ್ನತ ನ್ಯಾಯಾಲಯವೂ ಇ-ಪುಸ್ತಕಗಳ ಮರುಮಾರಾಟದ ವಿಷಯದಲ್ಲಿ ಹೆಚ್ಚುಕಡಿಮೆ ಅದೇ ದಿಕ್ಕಿನ ತೀರ್ಪು ಕೊಟ್ಟಿತು. ಸ್ಟ್ರೀಮಿಂಗ್ ಖಾತೆಗಳಂತೂ ಸಾಮಾನ್ಯವಾಗಿ ಇನ್ನೊಬ್ಬರಿಗೆ ವರ್ಗಾಯಿಸಲಾಗದವು, ಖಾತೆದಾರನೊಂದಿಗೇ ಮುಗಿಯುವಂಥವು.

ಬೂದು ಬಣ್ಣಕ್ಕೆ ತಿರುಗಿದ 11 ಹಾಡುಗಳ ಬಗ್ಗೆ ಮಾತ್ರ ಅಷ್ಟು ಬೇಗ ಆಸೆ ಬಿಡಬೇಡಿ. ಹಾಡಿನ ಹೆಸರನ್ನು ಮತ್ತೊಮ್ಮೆ ಹುಡುಕಿ ನೋಡಿ. ಧ್ವನಿಮುದ್ರಣ ಕಂಪನಿ ತನ್ನ ಆಲ್ಬಮ್ಮನ್ನು ಹೊಸದಾಗಿ ಬಿಡುಗಡೆ ಮಾಡಿದಾಗ ಅಥವಾ ವಿತರಕ ಬದಲಾದಾಗ ಹಳೆಯ ದಾಖಲೆ ತೆಗೆದುಹಾಕಲ್ಪಟ್ಟು ಅದೇ ಹಾಡು ಹೊಸ ಗುರುತಿನೊಂದಿಗೆ ಸೇರಿಕೊಳ್ಳುತ್ತದೆ. ನಿಮ್ಮ ಪ್ಲೇಲಿಸ್ಟು ಹಳೆಯ ಗುರುತಿಗೇ ಅಂಟಿಕೊಂಡಿರುತ್ತದೆ. ಹೀಗೆ ಮರಳಿ ಸಿಕ್ಕ ಹಾಡನ್ನು ಕಿವಿಗೊಟ್ಟು ಕೇಳಿ. ಅದು ನಿಮಗೆ ಪರಿಚಿತವಾದ ಮುದ್ರಣವೇ ಆಗಿರಬೇಕೆಂದಿಲ್ಲ. ರೀಮಾಸ್ಟರ್ ಮಾಡುವಾಗ, ಅಂದರೆ ಹಳೆಯ ಮುದ್ರಣದ ಧ್ವನಿಯನ್ನು ಹೊಸದಾಗಿ ತಿದ್ದಿ ಹೊಂದಿಸುವಾಗ, ಮೆಲುದನಿಯ ಭಾಗಗಳನ್ನೂ ಏರಿಸಿ ಒಟ್ಟು ಸದ್ದನ್ನು ಒಂದೇ ಮಟ್ಟಕ್ಕೆ ತಂದಿರುವ ಪ್ರಸಂಗಗಳು ಸಾಕಷ್ಟಿವೆ. ಹಳೆಯ ಟಿವಿ ಧಾರಾವಾಹಿಗಳಲ್ಲಿ ಹಿನ್ನೆಲೆಯ ಹಾಡಿಗೆ ಹೊಸದಾಗಿ ಹಕ್ಕು ಸಿಗದೆ, ಅದರ ಜಾಗದಲ್ಲಿ ಬೇರೆ ಸಂಗೀತವನ್ನು ಕೂರಿಸಿದ ಉದಾಹರಣೆಗಳೂ ಇವೆ. ಹೆಸರು ಅದೇ, ಕೃತಿ ಪೂರ್ತಿ ಅದೇ ಅಲ್ಲ. ನನ್ನ ವೃತ್ತಿಯಲ್ಲಿರುವವರಿಗೆ ಇದು ಪೂರ್ತಿ ಕಾಣೆಯಾಗುವುದಕ್ಕಿಂತ ಹೆಚ್ಚು ಕಿರಿಕಿರಿಯ ಸಂಗತಿ, ಏಕೆಂದರೆ ಕಾಣೆಯಾದದ್ದು ಗೊತ್ತಾಗುತ್ತದೆ, ಬದಲಾದದ್ದು ಗೊತ್ತೇ ಆಗುವುದಿಲ್ಲ.

ಕಂಪನಿಯೇ ತಯಾರಿಸಿದ ಕಾರ್ಯಕ್ರಮಗಳಾದರೂ ಅದರ ಸೇವೆಯಲ್ಲಿ ಶಾಶ್ವತವಾಗಿರುತ್ತವೆ ಎಂಬ ನಂಬಿಕೆ ವ್ಯಾಪಕವಾಗಿದೆ. 2022ರಲ್ಲಿ ಎಚ್‌ಬಿಒ ಮ್ಯಾಕ್ಸ್, 2023ರಲ್ಲಿ ಡಿಸ್ನಿ ಪ್ಲಸ್ ತಮ್ಮವೇ ಆದ ಹಲವು ಕಾರ್ಯಕ್ರಮಗಳನ್ನು ವೆಚ್ಚ ಮತ್ತು ತೆರಿಗೆಯ ಲೆಕ್ಕಾಚಾರದಿಂದ ಕೆಳಗಿಳಿಸಿದ ಮೇಲೆ ಆ ನಂಬಿಕೆಗೆ ಆಧಾರ ಉಳಿದಿಲ್ಲ. ಡಿಸ್ಕಿನ ರೂಪದಲ್ಲಿ ಎಂದೂ ಬಿಡುಗಡೆಯಾಗದ ಕಾರ್ಯಕ್ರಮಗಳಿಗೆ ಅದರ ನಂತರ ನೇರವಾದ ದಾರಿಯೇ ಇಲ್ಲದಂತಾಯಿತು. ಆ್ಯಪಿನೊಳಗೆ ‘ಡೌನ್‌ಲೋಡ್’ ಮಾಡಿಕೊಂಡದ್ದು ನಮ್ಮ ಫೋನಿನಲ್ಲೇ ಇದೆಯಲ್ಲ ಎನ್ನುವವರಿಗೂ ಇದೇ ಉತ್ತರ: ಅದು ಬೀಗ ಹಾಕಿದ ಫೈಲು, ಬೀಗದಕೈ ಕಂಪನಿಯ ಸರ್ವರಿನಲ್ಲಿದೆ. ಸ್ಪಾಟಿಫೈನಂತಹ ಸೇವೆಯಲ್ಲಿ 30 ದಿನಕ್ಕೊಮ್ಮೆಯಾದರೂ ಇಂಟರ್ನೆಟ್ಟಿಗೆ ಬಂದು ಹಾಜರಿ ಹಾಕದಿದ್ದರೆ ಡೌನ್‌ಲೋಡ್ ಮಾಡಿದ ಹಾಡುಗಳು ಕೇಳಿಸುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಹಾಗಾದರೆ ಕಪಾಟಿನಲ್ಲಿರುವುದೇ ಸುರಕ್ಷಿತ ಎಂದು ನಾನು ತೀರ್ಪು ಕೊಡುತ್ತೇನೆಂದು ನೀವು ಎದುರುನೋಡುತ್ತಿರಬಹುದು. ಇಲ್ಲ. ಸ್ಟ್ರೀಮಿಂಗಿನಲ್ಲಿ ಹೋಗುವುದು ಒಂದೊಂದೇ ಕೃತಿ, ಅದೂ ಮತ್ತೊಂದು ಸೇವೆಯಲ್ಲಿ ಸಿಗುವ ಸಾಧ್ಯತೆಯಿರುತ್ತದೆ. ಮನೆಯ ಸಂಗ್ರಹ ಹೋದರೆ ಒಂದೇ ಏಟಿಗೆ ಎಲ್ಲವೂ ಹೋಗುತ್ತದೆ. ಪ್ರಯೋಗಾಲಯದಲ್ಲಿ ನನ್ನ ಮುಂದೆ ಕೂತು ಕಣ್ಣೀರಿಟ್ಟವರು ಸ್ಟ್ರೀಮಿಂಗ್ ಸೇವೆಯಿಂದ ಮೋಸಹೋದವರಲ್ಲ, ಕೆಳಗೆ ಬಿದ್ದ ಹಾರ್ಡ್ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ತಂದವರು. ನಾನೇ ಒಮ್ಮೆ ಪಾಠ ಕಲಿತಿದ್ದೇನೆ. ವೃತ್ತಿಗೆ ಬಂದ ಹೊಸತರಲ್ಲಿ ನನ್ನ ಸ್ವಂತ ಸಂಗ್ರಹವನ್ನು ಎರಡು ಡಿಸ್ಕುಗಳಲ್ಲಿ ಇಟ್ಟು ಬುದ್ಧಿವಂತನೆಂದುಕೊಂಡಿದ್ದೆ. ಎರಡನ್ನೂ ಒಂದೇ ದಿನ ಕೊಂಡಿದ್ದೆ, ಒಂದೇ ಕಂಪ್ಯೂಟರಿಗೆ ಜೋಡಿಸಿದ್ದೆ. ವಿದ್ಯುತ್ತಿನ ಒಂದು ಏರುಪೇರಿಗೆ ಎರಡೂ ಒಟ್ಟಿಗೇ ಕೈಕೊಟ್ಟವು. ಮೂರನೆಯ ಪ್ರತಿ ಇದ್ದದ್ದು ಮೂಲ ಸಿಡಿಗಳಲ್ಲಿ ಮಾತ್ರ. ಆ ಸಿಡಿಗಳನ್ನು ಕೊಟ್ಟಿರಲಿಲ್ಲವೆಂಬುದು ಜಾಣತನದಿಂದಲ್ಲ, ಸೋಮಾರಿತನದಿಂದ.

ಹಾರ್ಡ್ ಡಿಸ್ಕಿನೊಳಗೆ ವೇಗವಾಗಿ ತಿರುಗುವ ತಟ್ಟೆಗಳೂ, ಅವುಗಳಿಂದ ಕೂದಲೆಳೆಗಿಂತಲೂ ಕಡಿಮೆ ಅಂತರದಲ್ಲಿ ತೇಲುವ ಓದುಮುಳ್ಳುಗಳೂ ಇರುತ್ತವೆ. ಸಾವಿರಾರು ಡಿಸ್ಕುಗಳನ್ನು ಹಗಲಿರುಳು ಓಡಿಸಿ ಲೆಕ್ಕವನ್ನು ಪ್ರಕಟಿಸುವ ಬ್ಯಾಕ್‌ಬ್ಲೇಜ್ ಎಂಬ ಸಂಗ್ರಹಣಾ ಕಂಪನಿಯ ಈಚಿನ ವರ್ಷಗಳ ವರದಿಗಳಲ್ಲಿ, ಕೆಡುವ ಡಿಸ್ಕುಗಳ ಪ್ರಮಾಣ ವರ್ಷಕ್ಕೆ ಹೆಚ್ಚುಕಡಿಮೆ ಶೇ 1ರಿಂದ 2ರ ನಡುವೆ ಇದೆ. ಇದು ಸಣ್ಣ ಸಂಖ್ಯೆ ಎನ್ನಿಸಬಹುದು. ಆದರೆ ಅದು ತಂಪಾದ ಕೊಠಡಿಯಲ್ಲಿ ಅಲುಗಾಡದೆ ಕುಳಿತ ಡಿಸ್ಕುಗಳ ಸರಾಸರಿ. ಚೀಲದಲ್ಲಿ ಓಡಾಡಿದ, ಮೇಜಿನಿಂದ ಬಿದ್ದ, ವರ್ಷಕ್ಕೊಮ್ಮೆ ಮಾತ್ರ ವಿದ್ಯುತ್ ಕಂಡ ನಿಮ್ಮ ಡಿಸ್ಕಿಗೆ ಆ ಲೆಕ್ಕ ಹೊಂದುವುದಿಲ್ಲ, ವಯಸ್ಸಾದಂತೆ ಅಪಾಯ ಏರುತ್ತಲೂ ಹೋಗುತ್ತದೆ. ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿ ಕೊಂಡರೆ ಸಮಸ್ಯೆ ಮುಗಿಯಿತಲ್ಲವೇ ಎಂದು ಕೇಳುವವರಿದ್ದಾರೆ. ಪೆಟ್ಟು ತಾಳುವುದರಲ್ಲಿ ಅದು ಮೇಲು, ನಿಜ. ಆದರೆ ಅದು ಮಾಹಿತಿಯನ್ನು ಹಿಡಿದಿಡುವುದು ವಿದ್ಯುದಾವೇಶದ ರೂಪದಲ್ಲಿ, ಹಾಗಾಗಿ ವರ್ಷಗಟ್ಟಲೆ ಕಪಾಟಿನಲ್ಲಿ ಸುಮ್ಮನೆ ಇಡುವ ಕೆಲಸಕ್ಕೆ ಅದು ತಕ್ಕದ್ದಲ್ಲ.

ನಿಮ್ಮ ಸಿಡಿಗಳು ಇದಕ್ಕಿಂತ ಗಟ್ಟಿ. 1982ರಲ್ಲಿ ಮಾರುಕಟ್ಟೆಗೆ ಬಂದ ಈ ಮಾಧ್ಯಮದ ಆರಂಭದ ವರ್ಷಗಳ ಪ್ರತಿಗಳು ಇಂದಿಗೂ ಲೋಪವಿಲ್ಲದೆ ಓಡುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಕಾರ್ಖಾನೆಯಲ್ಲಿ ಅಚ್ಚೊತ್ತಿದ ಸಿಡಿಯಲ್ಲಿ ಮಾಹಿತಿಯು ಪ್ಲಾಸ್ಟಿಕ್ಕಿನ ಮೇಲಿನ ಸೂಕ್ಷ್ಮ ಕುಳಿಗಳ ರೂಪದಲ್ಲಿರುತ್ತದೆ, ಅದರ ಮೇಲೆ ಅಲ್ಯೂಮಿನಿಯಂನ ತೆಳುಪದರ, ಅದರ ಮೇಲೆ ಅರಗಿನಂಥ ಒಂದು ಲೇಪ, ಆಮೇಲೆ ಹೆಸರಿನ ಮುದ್ರಣ. ಆದ್ದರಿಂದ ಜನ ಜೋಪಾನ ಮಾಡುವ ಹೊಳೆಯುವ ಬದಿಗಿಂತ ಹೆಸರು ಬರೆದ ಬದಿಯೇ ಹೆಚ್ಚು ನಾಜೂಕು: ಕೆಳಬದಿಯ ಗೀರನ್ನು ಉಜ್ಜಿ ಸರಿಪಡಿಸಬಹುದು, ಮೇಲ್ಬದಿಯ ಗೀರು ಅಲ್ಯೂಮಿನಿಯಂ ಪದರವನ್ನೇ ಕಿತ್ತರೆ ಅಲ್ಲಿನ ಹಾಡು ಹೋದಂತೆಯೇ. ಡಿವಿಡಿಯಲ್ಲಿ ಮಾಹಿತಿಯ ಪದರ ಎರಡು ಪ್ಲಾಸ್ಟಿಕ್ ಹೋಳುಗಳ ನಡುವೆ ಇರುವುದರಿಂದ ಗೀರಿನ ಭಯ ಕಡಿಮೆ. ಆ ಎರಡು ಹೋಳುಗಳನ್ನು ಹಿಡಿದಿರುವ ಅಂಟು ಸಡಿಲಾಗುವುದು ಅದರ ದೌರ್ಬಲ್ಯ.

ತಯಾರಿಕೆಯ ದೋಷವಿದ್ದರೆ ಎಷ್ಟು ಜೋಪಾನ ಮಾಡಿದರೂ ಅಷ್ಟೆ. 1988ರಿಂದ 1993ರ ನಡುವೆ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನ ಪಿಡಿಒ ಕಾರ್ಖಾನೆಯಲ್ಲಿ ತಯಾರಾದ ಹಲವು ಸಿಡಿಗಳು ಅಂಚಿನಿಂದ ಒಳಕ್ಕೆ ಕಂಚಿನ ಬಣ್ಣಕ್ಕೆ ತಿರುಗಿ ಹಾಳಾದವು. 2006ರಿಂದ 2008ರ ನಡುವಿನ ತನ್ನ ಕೆಲವು ಡಿವಿಡಿಗಳು ಕೆಡುತ್ತಿರುವುದನ್ನು ವಾರ್ನರ್ ಬ್ರದರ್ಸ್ ಸಂಸ್ಥೆ 2025ರಲ್ಲಿ ಒಪ್ಪಿಕೊಂಡಿತು. ನಿಮ್ಮ ಪ್ರತಿಗಳನ್ನು ಬೆಳಕಿಗೆ ಹಿಡಿದು ನೋಡಿ. ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆಗಳು, ಕಂದು ಕಲೆಗಳು, ಮಂಜು ಕವಿದಂಥ ಭಾಗಗಳು ಕಂಡರೆ ಅವುಗಳನ್ನು ನಕಲಿಸುವ ಸಾಲಿನಲ್ಲಿ ಮೊದಲಿಗೆ ನಿಲ್ಲಿಸಿ. ಮನೆಯಲ್ಲೇ ಬರೆದುಕೊಂಡ ಸಿಡಿ, ಡಿವಿಡಿಗಳಿದ್ದರೆ ಅವಕ್ಕಿಂತಲೂ ಮೊದಲು ಅವನ್ನು ನೋಡಿ, ಏಕೆಂದರೆ ಅವುಗಳಲ್ಲಿ ಮಾಹಿತಿ ಇರುವುದು ಬಣ್ಣದ ರಾಸಾಯನಿಕ ಪದರವೊಂದರಲ್ಲಿ. ಶಾಖಕ್ಕೂ ಬಿಸಿಲಿಗೂ ಅದು ಮಾಸುತ್ತದೆ. ತಂಪಾದ, ಒಣಗಿದ, ಬಿಸಿಲು ತಾಗದ ಕಡೆ ಪುಸ್ತಕಗಳಂತೆ ನಿಲ್ಲಿಸಿಡಿ, ಮೇಲೆ ಅಂಟುಚೀಟಿ ಹಚ್ಚಬೇಡಿ. ಅಚ್ಚೊತ್ತಿದ ಸಿಡಿ ಇಂತಿಷ್ಟೇ ವರ್ಷ ಬಾಳುತ್ತದೆ ಎಂದು ಖಚಿತವಾದ ಸಂಖ್ಯೆ ಹೇಳುವವರನ್ನು ನಾನು ನಂಬುವುದಿಲ್ಲ. ನಿಮ್ಮ ಸಂಗ್ರಹದ ಬಹುಭಾಗ ಇನ್ನೂ 20 ವರ್ಷ ಬಾಳುವ ಸಾಧ್ಯತೆಯೇ ಹೆಚ್ಚು. ಅಷ್ಟರಲ್ಲಿ ಅವನ್ನು ಓದುವ ಡ್ರೈವು ಸಿಗುವುದು ಕಷ್ಟವಾಗಬಹುದೆಂಬ ಚಿಂತೆ ನನಗೆ ದೊಡ್ಡದು. ಯುಎಸ್‌ಬಿ ಮೂಲಕ ಜೋಡಿಸುವ ಡ್ರೈವುಗಳು ಈಗಲೂ ಸುಲಭವಾಗಿ ಸಿಗುತ್ತವೆ, ಎರಡನ್ನು ಕೊಂಡಿಡಿ.

ಗುಣಮಟ್ಟದ ಪ್ರಶ್ನೆಯನ್ನು ನೀವು ಕೇಳಿಲ್ಲ, ಆದರೂ ಡಿಸ್ಕುಗಳನ್ನು ಇಟ್ಟುಕೊಳ್ಳಿ ಎನ್ನುವವರು ಮೊದಲು ಮುಂದಿಡುವ ವಾದ ಅದೇ ಆದ್ದರಿಂದ ಒಂದು ಮಾತು. ಸಂಗೀತದ ಮಟ್ಟಿಗೆ ಆ ವಾದ ಹಳತಾಯಿತು: ಸಿಡಿಯ ಗುಣಮಟ್ಟಕ್ಕೆ ಸಮನಾದ, ಅದಕ್ಕಿಂತ ಮಿಗಿಲಾದ ಧ್ವನಿಯನ್ನೂ ಆ್ಯಪಲ್ ಮ್ಯೂಸಿಕ್ 2021ರಿಂದಲೇ ಸಾಮಾನ್ಯ ಚಂದಾದಲ್ಲಿ ಕೊಡುತ್ತಿದೆ. ಚಿತ್ರದಲ್ಲಿ ಬ್ಲೂ-ರೇ ಡಿಸ್ಕು ಇಂದಿಗೂ ಸ್ಟ್ರೀಮಿಂಗಿಗಿಂತ ಮೇಲು, ಏಕೆಂದರೆ ಅದರಲ್ಲಿ ಪ್ರತಿ ಸೆಕೆಂಡಿಗೆ ಹರಿಯುವ ಮಾಹಿತಿ ಬಹಳ ಹೆಚ್ಚು. ಆದರೆ ನಿಮ್ಮಲ್ಲಿರುವುದು ಡಿವಿಡಿಗಳು. ಅದೇ ಚಿತ್ರ ಎಚ್‌ಡಿಯಲ್ಲಿ ಸ್ಟ್ರೀಮ್ ಆಗುತ್ತಿದ್ದರೆ ಅದು ನಿಮ್ಮ ಡಿವಿಡಿಗಿಂತ ನಿಚ್ಚಳವಾಗಿಯೇ ಕಾಣುತ್ತದೆ. ಎಲ್ಲೆಡೆ ಸಿಗುವ ಜನಪ್ರಿಯ ಚಿತ್ರದ ಡಿವಿಡಿಯನ್ನು ಗುಣಮಟ್ಟದ ಹೆಸರಿನಲ್ಲಿ ಹೊತ್ತುಕೊಂಡು ತಿರುಗುವ ಅಗತ್ಯವಿಲ್ಲ.

ಕಾನೂನಿನ ವಿಷಯದಲ್ಲಿ ನಾನು ವಕೀಲನಲ್ಲ, ಆದರೂ ಕೆಲಸದ ಭಾಗವಾಗಿ ತಿಳಿದಿರಬೇಕಾದಷ್ಟು ತಿಳಿದಿದ್ದೇನೆ. ‘ನಾನು ಕೊಂಡದ್ದು, ಹೇಗೆ ಬೇಕಾದರೂ ನಕಲಿಸುತ್ತೇನೆ’ ಎಂಬುದೂ ಪೂರ್ತಿ ನಿಜವಲ್ಲ, ‘ನಕಲಿಸುವುದೆಲ್ಲ ಕಳ್ಳತನ’ ಎಂಬುದೂ ನಿಜವಲ್ಲ. ಸ್ವಂತ ಬಳಕೆಗಾಗಿ ನಕಲು ಮಾಡಿಕೊಳ್ಳುವುದಕ್ಕೆ ಹಲವು ದೇಶಗಳಲ್ಲಿ ಒಂದಲ್ಲ ಒಂದು ಬಗೆಯ ವಿನಾಯಿತಿ ಇದೆ, ಆದರೆ ಅದರ ಗಡಿ ದೇಶದಿಂದ ದೇಶಕ್ಕೆ ಬೇರೆ. ಬ್ರಿಟನ್ ಅಂಥ ವಿನಾಯಿತಿಯನ್ನು 2014ರ ಅಕ್ಟೋಬರಿನಲ್ಲಿ ತಂದು, 2015ರ ಜುಲೈನಲ್ಲಿ ಅಲ್ಲಿನ ಹೈಕೋರ್ಟು ಅದನ್ನು ರದ್ದು ಮಾಡಿತು. ಹತ್ತು ತಿಂಗಳಲ್ಲಿ ಒಂದೇ ಕೆಲಸ ಸರಿಯೂ ಆಗಿ ತಪ್ಪೂ ಆಯಿತು. ಇನ್ನೊಂದು ವ್ಯತ್ಯಾಸ ಬಹಳ ಮುಖ್ಯ. ಸಾಮಾನ್ಯ ಸಂಗೀತದ ಸಿಡಿಗೆ ಬೀಗವಿಲ್ಲ. ಚಲನಚಿತ್ರದ ಡಿವಿಡಿಗೂ ಬ್ಲೂ-ರೇಗೂ ಸಾಮಾನ್ಯವಾಗಿ ಗೂಢಲಿಪಿಯ ಬೀಗವಿರುತ್ತದೆ, ಮತ್ತು ನಕಲಿಸುವ ಉದ್ದೇಶ ಏನೇ ಇದ್ದರೂ ಆ ಬೀಗವನ್ನು ಮುರಿಯುವುದನ್ನೇ ಅಪರಾಧವೆಂದೋ ಉಲ್ಲಂಘನೆಯೆಂದೋ ಪರಿಗಣಿಸುವ ಕಾನೂನುಗಳು, ಅಮೆರಿಕದ 1998ರ ಡಿಜಿಟಲ್ ಹಕ್ಕುಸ್ವಾಮ್ಯ ಕಾಯಿದೆಯೂ ಸೇರಿದಂತೆ, ಹಲವೆಡೆ ಇವೆ. ನಿಮ್ಮ ದೇಶದ ನಿಯಮವನ್ನು ತಿಳಿದೇ ಡಿವಿಡಿಗಳ ನಕಲಿಗೆ ಕೈಹಾಕಿ. ಹಾಗೆಯೇ, ನಕಲನ್ನು ಇಟ್ಟುಕೊಂಡು ಮೂಲ ಸಿಡಿಗಳನ್ನು ಕೊಟ್ಟುಬಿಡುವ ನಿಮ್ಮ ಮೊದಲಿನ ಯೋಚನೆ ಎರಡು ಕಡೆಯಿಂದ ದುರ್ಬಲ: ಸ್ವಂತ ಪ್ರತಿಯ ನಕಲು ಎಂಬ ಸಮರ್ಥನೆ ಸಿಡಿಯೊಂದಿಗೇ ಹೊರಟುಹೋಗುತ್ತದೆ, ಮತ್ತು ಅದುವರೆಗೆ ಎರಡನೆಯ ಪ್ರತಿಯಾಗಿದ್ದ ಹಾರ್ಡ್ ಡಿಸ್ಕು ಅಂದಿನಿಂದ ಏಕೈಕ ಪ್ರತಿಯಾಗುತ್ತದೆ.

ನಕಲಿಸುವುದಾದರೆ ಈ ಸಲ ಎಂಪಿ3 ಬೇಡ. ಎಂಪಿ3 ಎಂದರೆ ಕಿವಿಗೆ ಗೊತ್ತಾಗದೆಂದು ಭಾವಿಸಿದ ವಿವರಗಳನ್ನು ಕಿತ್ತುಹಾಕಿ ಚಿಕ್ಕದಾಗಿಸಿದ ಫೈಲು. ಕೇಳುವುದಕ್ಕೆ ಅದು ಸಾಕು, ಕಾಪಾಡುವುದಕ್ಕೆ ಸಾಲದು, ಏಕೆಂದರೆ ಮುಂದೊಮ್ಮೆ ಬೇರೆ ರೂಪಕ್ಕೆ ಬದಲಿಸಿದಾಗಲೆಲ್ಲ ಇನ್ನಷ್ಟು ಕಳೆದುಹೋಗುತ್ತದೆ. 2001ರಿಂದ ಬಳಕೆಯಲ್ಲಿರುವ, ಯಾರ ಸ್ವತ್ತೂ ಅಲ್ಲದ ಫ್ಲ್ಯಾಕ್ ರೂಪದಲ್ಲಿ ಇಡಿ. ಅದು ಏನನ್ನೂ ಕಳೆಯದೆ ಗಾತ್ರವನ್ನು ಅರ್ಧದ ಆಸುಪಾಸಿಗೆ ಇಳಿಸುತ್ತದೆ. ಈಗಿರುವ ಎಂಪಿ3ಗಳನ್ನೇ ಫ್ಲ್ಯಾಕಿಗೆ ಬದಲಿಸಿದರೆ ಗಾತ್ರ ಹೆಚ್ಚುವುದೇ ಹೊರತು ಹೋದದ್ದು ಬರುವುದಿಲ್ಲ. ನಿಮ್ಮ 600 ಸಿಡಿಗಳಿಗೆ ಸುಮಾರು 200 ಜಿಬಿ ಸಾಕಾಗುತ್ತದೆ. 200 ಡಿವಿಡಿಗಳೂ ಸೇರಿದರೆ, ಒಂದೊಂದೂ ಎರಡು ಪದರದ 8.5 ಜಿಬಿಯದೇ ಎಂದುಕೊಂಡರೂ, 2 ಟಿಬಿಯ ಒಳಗೇ ಬರುತ್ತದೆ. ಜಾಗ ಸಮಸ್ಯೆಯಲ್ಲ, ಸಮಯ ಸಮಸ್ಯೆ. ಒಂದು ಸಿಡಿಗೆ ಎಂಟು ಹತ್ತು ನಿಮಿಷ ಹಿಡಿದರೂ 600ಕ್ಕೆ 80ರಿಂದ 100 ಗಂಟೆ. ಹಾಡುಗಳ ಹೆಸರು, ಗಾಯಕರು, ವರ್ಷ ಇವನ್ನು ಸರಿಪಡಿಸುವ ಕೆಲಸ ಅದರ ಮೇಲೆ. ಮ್ಯೂಸಿಕ್‌ಬ್ರೇನ್ಸ್‌ನಂತಹ ಸಾರ್ವಜನಿಕ ದತ್ತಾಂಶದ ನೆರವಿನಿಂದ ಹೆಸರುಗಳು ಬಹುಮಟ್ಟಿಗೆ ತಾವಾಗಿಯೇ ತುಂಬಿಕೊಳ್ಳುತ್ತವೆ, ಆದರೆ ಅಪರೂಪದ ಆಲ್ಬಮ್ಮುಗಳಿಗೆ ನೀವೇ ಟೈಪು ಮಾಡಬೇಕಾಗುತ್ತದೆ. ತೆಗೆದ ನಕಲು ಸರಿಯಾಗಿದೆಯೇ ಎಂದು ತಿಳಿಯಲು, ಅದೇ ಸಿಡಿಯನ್ನು ಬೇರೆಯವರು ನಕಲಿಸಿದಾಗ ಬಂದ ಫಲಿತಾಂಶದೊಂದಿಗೆ ಹೋಲಿಸುವ ಆ್ಯಕ್ಯುರೇಟ್‌ರಿಪ್ ಸೌಲಭ್ಯವಿರುವ ತಂತ್ರಾಂಶವನ್ನೇ ಬಳಸಿ. ದಿನಕ್ಕೆ ಮೂರು ಸಿಡಿಯಂತೆ ಬೇರೆ ಕೆಲಸದ ನಡುವೆ ಹಾಕುತ್ತಾ ಹೋದರೆ 200 ದಿನ. ಒಂದೇ ವಾರಾಂತ್ಯದಲ್ಲಿ ಮುಗಿಸುತ್ತೇನೆಂದು ಹೊರಟವರು ನಲವತ್ತನೆಯ ಸಿಡಿಗೆ ನಿಲ್ಲಿಸಿದ್ದನ್ನು ನೋಡಿದ್ದೇನೆ.

ಕ್ಲೌಡಿಗೆ ಹಾಕಿ ನಿಶ್ಚಿಂತನಾಗಿರಬಹುದೇ ಎಂದು ಕೇಳಿದ್ದೀರಿ. ಕ್ಲೌಡು ಎಂದರೆ ಇನ್ನೊಬ್ಬರ ಹಾರ್ಡ್ ಡಿಸ್ಕು. ಅದು ನಿಮ್ಮದಕ್ಕಿಂತ ಚೆನ್ನಾಗಿ ನೋಡಿಕೊಂಡ ಡಿಸ್ಕೇ ಆಗಿರುತ್ತದೆ, ಆದರೆ ಚಂದಾ ಕಟ್ಟುವವರೆಗೆ, ಖಾತೆ ಚಾಲ್ತಿಯಲ್ಲಿರುವವರೆಗೆ. ಮೈಸ್ಪೇಸ್ ಎಂಬ ತಾಣ ಸರ್ವರ್ ಬದಲಿಸುವಾಗ, ಬಳಕೆದಾರರು 2015ರವರೆಗೆ ಏರಿಸಿದ್ದ ಸಂಗೀತವನ್ನೆಲ್ಲ ಕಳೆದುಕೊಂಡ ಸಂಗತಿ 2019ರಲ್ಲಿ ಬಯಲಾಯಿತು. ಅದನ್ನೇ ತಮ್ಮ ಏಕೈಕ ಪ್ರತಿ ಎಂದು ನಂಬಿದ್ದ ಹಾಡುಗಾರರಿಗೆ ಮರಳಿ ಪಡೆಯುವ ದಾರಿಯಿರಲಿಲ್ಲ. ಮತ್ತೊಂದು ತಪ್ಪು ತಿಳಿವಳಿಕೆ ಇದಕ್ಕಿಂತ ಸಾಮಾನ್ಯ: ಕಂಪ್ಯೂಟರಿನ ಕಡತಕೋಶವನ್ನು ಕ್ಲೌಡಿನೊಂದಿಗೆ ಸಿಂಕ್ ಮಾಡುವುದನ್ನೇ ಬ್ಯಾಕಪ್ ಎಂದುಕೊಳ್ಳುವುದು. ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಎರಡು ಡಿಸ್ಕುಗಳಿಗೆ ಒಂದೇ ಸಲಕ್ಕೆ ಬರೆಯುವ ರೇಡ್ ವ್ಯವಸ್ಥೆಗೂ ಇದೇ ಮಾತು. ಒಂದು ಡಿಸ್ಕು ಕೆಟ್ಟರೆ ಅದು ಕಾಯುತ್ತದೆ. ನಿಮ್ಮ ಕೈತಪ್ಪಿನಿಂದ, ವೈರಸ್ಸಿನಿಂದ, ಬೆಂಕಿಯಿಂದ ಕಾಯುವುದಿಲ್ಲ.

ನಮ್ಮ ವೃತ್ತಿಯವರು ಪಾಲಿಸುವ 3-2-1 ಎಂಬ ಸೂತ್ರ ಮನೆಗೂ ಒಪ್ಪುತ್ತದೆ: ಒಟ್ಟು ಮೂರು ಪ್ರತಿ, ಎರಡು ಬೇರೆ ಬಗೆಯ ಮಾಧ್ಯಮ, ಅದರಲ್ಲಿ ಒಂದು ಪ್ರತಿ ಮನೆಯ ಹೊರಗೆ. ನಿಮ್ಮ ಸಂಗೀತಕ್ಕೆ ಮೂಲ ಸಿಡಿಯೇ ಒಂದು ಪ್ರತಿ; ಹೊಸ ಹಾರ್ಡ್ ಡಿಸ್ಕು ಇನ್ನೊಂದು; ಮೂರನೆಯದನ್ನು ಬಂಧುಗಳ ಮನೆಯಲ್ಲಿಟ್ಟ ಡಿಸ್ಕಿನಲ್ಲೋ ಕ್ಲೌಡಿನಲ್ಲೋ ಇಡಬಹುದು. ಫೋಟೊಗಳಿಗೆ ಮೂಲ ಸಿಡಿ ಎಂಬುದು ಇಲ್ಲವಾದ್ದರಿಂದ ಅವಕ್ಕೆ ಮೂರೂ ಪ್ರತಿಗಳನ್ನು ಹೊಸದಾಗಿ ಮಾಡಿಕೊಳ್ಳಬೇಕು. ವರ್ಷಕ್ಕೊಮ್ಮೆ ಡಿಸ್ಕುಗಳನ್ನು ಜೋಡಿಸಿ, ಅಲ್ಲಲ್ಲಿ ಕೆಲವು ಫೈಲುಗಳನ್ನು ತೆರೆದು ನೋಡಿ, ಐದಾರು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ದಾಟಿಸಿ. ಸ್ವಂತ ಸಂಗ್ರಹಕ್ಕೆ ತಿಂಗಳ ಚಂದಾ ಇಲ್ಲವೆಂದು ಹೇಳುವವರು ಈ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಣದ ಬದಲು ಗಮನವನ್ನು ಕಟ್ಟಬೇಕಾಗುತ್ತದೆ, ಕಂತು ತಪ್ಪಿದರೆ ಯಾರೂ ನೆನಪಿಸುವುದೂ ಇಲ್ಲ.

ಹೀಗೆ ನಕಲಿಸಿದ್ದನ್ನು ಮನೆಯ ಟಿವಿ, ಫೋನುಗಳಲ್ಲಿ ಸ್ಟ್ರೀಮಿಂಗ್ ಸೇವೆಯಂತೆಯೇ ನೋಡಲು ಪ್ಲೆಕ್ಸ್, ಜೆಲ್ಲಿಫಿನ್, ಕೋಡಿ ಎಂಬ ತಂತ್ರಾಂಶಗಳಿವೆ. ಯಾವ ಕಂಪನಿಯ ಖಾತೆಯೂ ಬೇಡದ, ಮುಕ್ತ ತಂತ್ರಾಂಶವಾದ ಜೆಲ್ಲಿಫಿನ್ ನನ್ನ ಆಯ್ಕೆ. ಆರಂಭದಲ್ಲಿ ಅದನ್ನು ಮನೆಯ ಜಾಲದೊಳಗೇ ಇಟ್ಟುಕೊಳ್ಳಿ. ಹೊರಗಿನಿಂದ ತಲುಪುವಂತೆ ಮಾಡುವುದು ಸುರಕ್ಷತೆಯ ವಿಷಯ ಬಲ್ಲವರ ಕೆಲಸ.

ಹಾಗಾದರೆ ಏನು ಮಾಡಬೇಕು? ಎರಡು ದೋಣಿಯ ಮೇಲೆ ಕಾಲಿಡಬಾರದೆನ್ನುತ್ತಾರೆ, ಈ ಒಂದು ವಿಷಯದಲ್ಲಿ ನಾನು ಹಾಗೆಯೇ ಮಾಡಿ ಎನ್ನುತ್ತೇನೆ. ಪೂರ್ತಿ ಸ್ಟ್ರೀಮಿಂಗನ್ನೇ ನೆಚ್ಚಿದರೆ ನಿಮಗೆ ಬೇಕಾದದ್ದು ಯಾವಾಗ ಹೋಗುತ್ತದೆಂಬುದು ನಿಮ್ಮ ಕೈಯಲ್ಲಿರುವುದಿಲ್ಲ. 800 ಡಿಸ್ಕುಗಳನ್ನೂ ಕಾಪಾಡುತ್ತೇನೆಂದು ಹೊರಟರೆ ಮೂರನೆಯ ವರ್ಷಕ್ಕೆ ಬೇಸತ್ತು ಯಾವುದನ್ನೂ ಕಾಪಾಡದ ಸ್ಥಿತಿಗೆ ಬರುತ್ತೀರಿ. ಉತ್ಸಾಹಿಗಳ ಸಂಗ್ರಹಗಳು ಹಾಳಾಗಿದ್ದು ಹೆಚ್ಚಾಗಿ ಹೀಗೆಯೇ. ಹೊಸತನ್ನು ಕೇಳಲು, ಒಮ್ಮೆ ನೋಡಿ ಮರೆಯುವುದನ್ನು ನೋಡಲು ಸ್ಟ್ರೀಮಿಂಗಿನಷ್ಟು ಅಗ್ಗದ, ಅನುಕೂಲದ ವ್ಯವಸ್ಥೆ ಹಿಂದೆಂದೂ ಇರಲಿಲ್ಲ, ಅದನ್ನು ಬಿಡಬೇಡಿ. ಚಿತ್ರಗಳಿಗೆ ಎರಡು ಚಂದಾಗಳಿದ್ದರೆ ಒಂದನ್ನು ನಿಲ್ಲಿಸಿ ಕೆಲವು ತಿಂಗಳಿಗೊಮ್ಮೆ ಅದಲುಬದಲು ಮಾಡಿಕೊಂಡರೆ ಸಾಕಾಗುತ್ತದೆ. ನಿಮ್ಮ ಪ್ಲೇಲಿಸ್ಟುಗಳ ಹಾಡಿನ ಹೆಸರುಗಳನ್ನು ಸಾದಾ ಪಠ್ಯದ ಪಟ್ಟಿಯಾಗಿ ವರ್ಷಕ್ಕೊಮ್ಮೆ ಹೊರತೆಗೆದಿಡಿ. ಹಾಡು ಹೋದರೂ ಯಾವುದು ಹೋಯಿತೆಂದಾದರೂ ತಿಳಿಯುತ್ತದೆ.

ಯಾವುದನ್ನು ಉಳಿಸಿಕೊಳ್ಳಬೇಕೆಂದು ಆರಿಸುವಾಗ ಒಂದೊಂದು ಪ್ರತಿಯನ್ನೂ ಕೈಗೆತ್ತಿಕೊಂಡು ಎರಡು ಪ್ರಶ್ನೆ ಕೇಳಿಕೊಳ್ಳಿ: ಇದು ನಾಳೆ ಎಲ್ಲೂ ಸಿಗದಿದ್ದರೆ ನಾನು ಹುಡುಕಿಕೊಂಡು ಹೋಗುತ್ತೇನೆಯೇ? ಇದು ಈಗಲೇ ಬೇರೆಲ್ಲೂ ಸಿಗುತ್ತಿಲ್ಲವೇ? ಎರಡರಲ್ಲಿ ಒಂದಕ್ಕೆ ಹೌದೆಂದರೂ ಉಳಿಸಿ, ಎರಡಕ್ಕೂ ಹೌದೆಂದರೆ ಮೊದಲು ನಕಲಿಸಿ. ಚಿಕ್ಕ ಕಂಪನಿಗಳ ಧ್ವನಿಮುದ್ರಣಗಳು, ಸಭೆಗಳಲ್ಲಿ ಮುದ್ರಿಸಿ ಕೆಲವೇ ಪ್ರತಿ ಹೊರಬಂದ ಸಂಗೀತ ಕಛೇರಿಗಳು, ರೀಮಾಸ್ಟರಿಗೆ ಮುಂಚಿನ ಮುದ್ರಣಗಳು, ನಿರ್ದೇಶಕರ ವಿವರಣೆಯಿರುವ ಡಿವಿಡಿಗಳು ಸಾಮಾನ್ಯವಾಗಿ ಈ ಗುಂಪಿಗೆ ಬರುತ್ತವೆ. ನಾನು ನೆರವಾದ ಮನೆಗಳಲ್ಲಿ ಕೊನೆಗೆ ಉಳಿದದ್ದು ಹೆಚ್ಚೆಂದರೆ ಮೂರನೆಯ ಒಂದು ಭಾಗ. ಉಳಿದವನ್ನು ಸಂತೋಷವಾಗಿ ಕೊಡಿ, ನಕಲಿನ ಆಸೆಯಿಲ್ಲದೆ ಕೊಡಿ.

ಮುಂದೆ ಕೊಳ್ಳುವಾಗ ಫೈಲು ನಿಮ್ಮ ಕೈಗೆ ಬೀಗವಿಲ್ಲದೆ ಬರುತ್ತದೆಯೇ ಎಂದಷ್ಟೇ ನೋಡಿ. ಸಂಗೀತದಲ್ಲಿ ಬ್ಯಾಂಡ್‌ಕ್ಯಾಂಪ್, ಕೋಬಜ್ ಮಳಿಗೆಗಳು ಹಾಗೆ ಕೊಡುತ್ತವೆ. ಐಟ್ಯೂನ್ಸ್ ಕೂಡ ಕೊಳ್ಳುವ ಹಾಡುಗಳ ಬೀಗವನ್ನು 2009ರಲ್ಲೇ ತೆಗೆದಿದೆ. ಕೊಂಡ ದಿನವೇ ಇಳಿಸಿಕೊಂಡು ನಿಮ್ಮ ಡಿಸ್ಕಿಗೆ ಸೇರಿಸಿ. ದೊಡ್ಡ ಸ್ಟುಡಿಯೊಗಳ ಚಲನಚಿತ್ರಗಳಲ್ಲಿ ಇಂಥ ಮಾರಾಟ ಇಲ್ಲವೆನ್ನುವಷ್ಟು ವಿರಳ, ಹಾಗಾಗಿ ತೀರಾ ಬೇಕೆನ್ನಿಸಿದ ಚಿತ್ರಕ್ಕೆ ಡಿಸ್ಕೇ ಗತಿ. ನಿಮ್ಮ ಕಾಣೆಯಾದ ಚಿತ್ರಕ್ಕೆ ರಸೀದಿಯ ಪ್ರತಿಯೊಂದಿಗೆ ಮಾರಿದವರಿಗೆ ಬರೆದು ಹಣ ಮರಳಿಸಲು ಕೇಳಿ. ಕೊಡಲೇಬೇಕೆಂಬ ನಿಯಮ ಎಲ್ಲೆಡೆ ಇಲ್ಲದಿದ್ದರೂ ಕೇಳಿದವರಿಗೆ ಕೊಟ್ಟ ಉದಾಹರಣೆಗಳಿವೆ. ಕೇಳದವರಿಗೆ ಅವರಾಗಿಯೇ ಕರೆದು ಕೊಟ್ಟದ್ದು ಕಡಿಮೆ.

ಮನೆ ಬದಲಿಸುವುದು ಮುಂದಿನ ತಿಂಗಳೇ ಎಂದಿದ್ದೀರಿ. ಅಷ್ಟರೊಳಗೆ ಆಯ್ಕೆ ಮುಗಿಯದಿದ್ದರೆ ಯಾವುದನ್ನೂ ಕೊಡದೆ ಎಲ್ಲವನ್ನೂ ಸಾಗಿಸಿ, ಹೊಸ ಮನೆಯಲ್ಲಿ ನಿಧಾನವಾಗಿ ಆರಿಸಿ. ಸಿಡಿಗಳನ್ನು ಮಲಗಿಸದೆ ನಿಲ್ಲಿಸಿ, ಎತ್ತಲು ಆಗುವಷ್ಟು ಚಿಕ್ಕ ಪೆಟ್ಟಿಗೆಗಳಲ್ಲಿ ತುಂಬಿ, ಬಿಸಿಲಲ್ಲಿ ನಿಂತ ವಾಹನದಲ್ಲಿ ಬಿಡಬೇಡಿ. ಹಳೆಯ ಹಾರ್ಡ್ ಡಿಸ್ಕನ್ನು ನಿಮ್ಮ ಕೈಚೀಲದಲ್ಲಿ ನೀವೇ ಒಯ್ಯಿರಿ. ಇಂದು ಮಾಡಿಕೊಳ್ಳುವ ಹೊಸ ಪ್ರತಿ ಅದೇ ಚೀಲದಲ್ಲಿ ಇರದಿರಲಿ.